ಹಸಿ ಮಣ್ಣಿನ ತೂಕ

ಮಂಡ್ಯದ ಗುತ್ತಲು ಬಡಾವಣೆಯಲ್ಲಿ ನಮ್ಮ ಮನೆಯ ಹಿಂದೆ ಒಂದು ಖಾಲಿ ಸೈಟಿದೆ. ಸಂಜೆಯಾದರೆ ಹುಡುಗರು ಬೈಕು ತಂದು ನಿಲ್ಲಿಸಿಕೊಂಡು ಅಲ್ಲಿ ಕೂರುತ್ತಾರೆ. ಮೊನ್ನೆ ಮಳೆ ನಿಂತ ಮೇಲೆ ಬಟ್ಟೆ ಹರವಲು ಮಹಡಿ ಹತ್ತಿದಾಗ ಆ ಕಡೆಯಿಂದ ವಾಸನೆ ಬಂತು. ಬೀಡಿಯದಲ್ಲ, ಸಿಗರೇಟಿನದೂ ಅಲ್ಲ. ಹಸಿ ಹುಲ್ಲು ಸುಟ್ಟ ಹಾಗೆ, ಅದರ ಜೊತೆಗೊಂದು ಅಂಟಂಟು ಸಿಹಿ. ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ತಮ್ಮ ಮಹಡಿಯಿಂದ ಮೂಗು ಏರಿಸಿ, "ನೋಡಿ ಡಾಕ್ಟ್ರೇ, ಹೊರದೇಶದಲ್ಲಿ ಇದನ್ನ ಅಂಗಡೀಲೇ ಮಾರ್ತಾರಂತೆ. ನಮ್ಮಲ್ಲೂ ಲೈಸೆನ್ಸ್ ಕೊಟ್ಟು ಟ್ಯಾಕ್ಸ್ ಹಾಕಿಬಿಟ್ರೆ ಈ ಕದ್ದುಮುಚ್ಚಿ ಕೂರೋದೇ ಇರಲ್ಲ" ಎಂದರು. ಕೆಳಗಿನಿಂದ ಅವರ ಹೆಂಡತಿ ಕೂಗಿದರು: "ಭಾಷಣ ಆಮೇಲೆ, ಮೊದ್ಲು ಪೊಲೀಸ್ರಿಗೆ ಫೋನ್ ಮಾಡ್ರೀ!" ಇಡೀ ದೇಶದ ಚರ್ಚೆಯನ್ನು ಗಂಡ ಹೆಂಡಿರು ಎರಡು ಮಾತಿನಲ್ಲಿ ಮುಗಿಸಿದರು.

ನೀವೇನಂತೀರಿ ಎಂಬ ಹಾಗೆ ಮ್ಯಾನೇಜರು ನನ್ನ ಕಡೆ ನೋಡಿದರು. ನಾನು ಒದ್ದೆ ಸೀರೆ ಒದರುತ್ತ ಸುಮ್ಮನಿದ್ದೆ. ಬಾಯಿ ಸತ್ತವಳೇನಲ್ಲ ನಾನು. ಆದರೆ ಈ ಒಂದು ವಿಷಯದಲ್ಲಿ ಒಂದೇ ಕಡೆ ನಿಂತು ಮಾತಾಡಲು ನನ್ನಿಂದ ಆಗುವುದಿಲ್ಲ. ಮಳವಳ್ಳಿ ಕಡೆ ಕಳೆದ ಒಂದು ಮಳೆಗಾಲ ನನ್ನನ್ನು ಹಾಗೆ ಮಾಡಿಬಿಟ್ಟಿದೆ.

ನಾನು ಪಶುವೈದ್ಯೆ. ಆ ವರ್ಷ ಮಳವಳ್ಳಿ ತಾಲ್ಲೂಕಿನ ಒಂದು ಹೋಬಳಿ ಆಸ್ಪತ್ರೆಗೆ ವರ್ಗವಾಗಿತ್ತು. ಆಸ್ಪತ್ರೆ ಎಂದರೆ ಎರಡು ಕೋಣೆ, ಮುಂದೊಂದು ಹೊಂಗೆ ಮರ, ದನ ಕಟ್ಟಿ ಸೂಜಿ ಹಾಕಲು ಕಬ್ಬಿಣದ ಚೌಕಟ್ಟು. ಜೊತೆಗೆ ಅಟೆಂಡರ್ ಜಯಮ್ಮ. ಗಂಡ ತೀರಿಕೊಂಡ ಮೇಲೆ ಅವನ ಕೆಲಸ ಅವಳಿಗೆ ಸಿಕ್ಕಿತ್ತು. ಒದೆಯುವ ಎಮ್ಮೆಯ ಕಿವಿ ಹಿಡಿದು "ನಿಂತ್ಕಳಮ್ಮಿ, ನಿನ್ನ ಮದ್ವೆಗೇನ್ ಕರೀತಾ ಇಲ್ಲ" ಎಂದು ಗದರಿದರೆ ಎಮ್ಮೆಯೂ ನಿಲ್ಲುತ್ತಿತ್ತು, ಅದರ ಯಜಮಾನನೂ ನಿಲ್ಲುತ್ತಿದ್ದ. ಅವಳಿಗೆ ಮಂಜ ಅಂತ ಒಬ್ಬನೇ ಮಗ. ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಕೆಲಸ, ಮದ್ದೂರಿನಲ್ಲಿ ಸ್ನೇಹಿತರ ಜೊತೆ ರೂಮು. ಅವನ ವಿಷಯ ಮಾತ್ರ ಜಯಮ್ಮ ಎತ್ತುತ್ತಿರಲಿಲ್ಲ.

ಸಿದ್ದಯ್ಯನನ್ನು ಕಂಡದ್ದು ಅವನ ಹಸುವಿನ ದೆಸೆಯಿಂದ. ಕರು ಅಡ್ಡ ತಿರುಗಿಕೊಂಡು ಹಸು ಬೆಳಗಿನಿಂದ ಒದ್ದಾಡುತ್ತಿದೆ ಎಂದು ಫೋನು ಬಂತು. ಜಿಟಿಜಿಟಿ ಮಳೆಯಲ್ಲಿ ಜಯಮ್ಮನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ. ಮೊಳಕೈವರೆಗೆ ಕೈಹಾಕಿ ಕರುವನ್ನು ತಿರುಗಿಸಿ ಎಳೆಯುವಷ್ಟರಲ್ಲಿ ನಾನೇ ಹೆತ್ತಷ್ಟು ಸುಸ್ತಾಗಿದ್ದೆ. ಕರು ಉಸಿರಾಡಿತು. ಸಿದ್ದಯ್ಯ ಎಪ್ಪತ್ತು ದಾಟಿದ ಮನುಷ್ಯ, ಕೊರಳಲ್ಲಿ ರುದ್ರಾಕ್ಷಿ, ಹಣೆಯಲ್ಲಿ ವಿಭೂತಿ. ನೀಲಗಾರ ದೀಕ್ಷೆ ಪಡೆದವನು. ನಮ್ಮ ಕಡೆ ಹಾಗೆ ದೀಕ್ಷೆ ಪಡೆದವರು ತಂಬೂರಿ ಹಿಡಿದು ಗುರುವಿನ ಮಹಿಮೆಯನ್ನು ಹಾಡುತ್ತಾರೆ. ಅವನ ಹೆಂಡತಿ ಮಾದಮ್ಮ ಕೈತೊಳೆಯಲು ಬಿಸಿನೀರು ತಂದು ಹಿತ್ತಲ ಕಡೆ ಕರೆದಳು. ಅಲ್ಲಿ ಕಲ್ಲುತೊಟ್ಟಿಯ ಪಕ್ಕ ಆಳೆತ್ತರದ ನಾಲ್ಕು ಗಿಡಗಳಿದ್ದವು. ಅಂಗೈ ಬಿಡಿಸಿದ ಹಾಗಿರುವ ಎಲೆ. ಬುಡದಲ್ಲಿ ಅರಿಶಿನ ಕುಂಕುಮ.

"ಭಂಗಿ ಕಣ್ ಡಾಕ್ಟ್ರವ್ವ" ಎಂದ ಸಿದ್ದಯ್ಯ, ಏನೂ ಮುಚ್ಚುಮರೆಯಿಲ್ಲದೆ. "ನಮ್ಮಪ್ಪನ ಕಾಲ್ದಿಂದ್ಲೂ ಐತೆ. ಗದ್ದುಗೆ ಪೂಜೆ ದಿನ ಅಯ್ಯನ ಮುಂದೆ ಇಕ್ಕಕ್ಕೆ. ಮಿಕ್ಕಿದ್ದು ದನಕ್ಕೆ ಔಸ್ತಿ. ಹೊಟ್ಟೆ ಕೆಟ್ರೆ ಚೂರು ಅರ್ದು ಕುಡುಸ್ತೀವಿ."

"ಗಾಂಜಾ ಬೆಳೆಯೋದು ಅಪರಾಧ ಅಂತ ಗೊತ್ತಾ ನಿಮಗೆ?"

"ಮಾರೋರ್‌ಗೆ ಅಪ್ರಾದ. ನಾವೇನ್ ಮಾರ್ತೀವಾ?"

ಜಯಮ್ಮ ಅಷ್ಟು ಹೊತ್ತು ಬಾಲ ಹಿಡಿದು ಒದ್ದಾಡಿದವಳು, ಗಿಡ ಕಂಡದ್ದೇ ಕಾಫಿಯನ್ನೂ ಕುಡಿಯದೆ ಹೋಗಿ ಸ್ಕೂಟರಿನ ಹತ್ತಿರ ನಿಂತಳು. ದಾರಿಯಲ್ಲಿ ತಾನಾಗಿಯೇ ಮಾತು ತೆಗೆದಳು. "ದೇವ್ರಂತೆ ದೇವ್ರು. ಆ ದೇವ್ರನ್ನ ಸುಟ್ಟು ಸೇದೇ ನನ್ನ ಮಗ ಆಳಾಗೋದ." ಮಂಜ ಮೂರು ತಿಂಗಳಿಂದ ಕೆಲಸಕ್ಕೆ ಹೋಗಿರಲಿಲ್ಲವಂತೆ. ರೂಮಿನಿಂದ ಮನೆಗೆ ಕರೆತಂದಿದ್ದಳು. ಹಗಲೆಲ್ಲ ಗೋಡೆಗೆ ಮುಖ ಹಾಕಿ ಮಲಗುತ್ತಾನೆ, ಊಟ ಬೇಕಾ ಅಂದರೆ ಸಿಡುಕುತ್ತಾನೆ, ಕೆಲವು ಸಲ ಯಾರೋ ಕರೆದರು ಅಂತ ಬಾಗಿಲು ತೆಗೆದು ಸುಮ್ಮನೆ ಬೀದಿ ನೋಡುತ್ತ ನಿಲ್ಲುತ್ತಾನೆ. ಇಷ್ಟನ್ನೂ ಅವಳು ನನ್ನ ಬೆನ್ನಿಗೆ ಹೇಳಿದಳು. ನಾನು ಎದುರಿಗಿದ್ದಿದ್ದರೆ ಹೇಳುತ್ತಿರಲಿಲ್ಲವೇನೋ.

ಆ ತಿಂಗಳೇ ಜಿಲ್ಲೆಯಲ್ಲಿ ಗಲಾಟೆ ಎದ್ದಿತು. ಹೆದ್ದಾರಿ ಬದಿಯ ಕಾಲೇಜು ಹುಡುಗರ ಬ್ಯಾಗಿನಲ್ಲಿ ಪೊಟ್ಟಣ ಸಿಕ್ಕಿತು, ತಂದೆತಾಯಿಗಳು ರಸ್ತೆಗೆ ಬಂದರು. ಮಕ್ಕಳ ಕೈಗೆ ಬ್ಯಾನರ್ ಕೊಟ್ಟು ಜಾಥಾ ಮಾಡಿಸಿದರು. ಟೀ ಅಂಗಡಿಗಳಲ್ಲಿ ಎರಡು ಪಕ್ಷಗಳಾದವು. ಹೆಂಡ ಮಾರಿ ಖಜಾನೆ ತುಂಬಿಸಿಕೊಳ್ಳುವ ಸರ್ಕಾರಕ್ಕೆ ಸೊಪ್ಪಿನ ಮೇಲೇಕೆ ಕೋಪ ಎಂದು ಒಬ್ಬ. ನಿನ್ನ ಮಗ ಸೇದಿದ್ದಿದ್ದರೆ ಹೀಗೆ ಕೇಳುತ್ತಿದ್ದೆಯಾ ಎಂದು ಇನ್ನೊಬ್ಬ. ಎಲ್ಲ ಠಾಣೆಗೂ ಕೇಸು ತೋರಿಸಿ ಎಂದು ಮೇಲಿಂದ ಒತ್ತಡ ಬಂತು. ಪೊಟ್ಟಣ ಎಲ್ಲೆಲ್ಲಿಂದಲೋ ರೈಲಿನಲ್ಲಿ, ಲಾರಿಯಲ್ಲಿ ಬರುತ್ತದೆ. ಅದನ್ನು ತರುವವನಿಗೆ ಊರಿಲ್ಲ, ಹೆಸರಿಲ್ಲ. ಸಿದ್ದಯ್ಯನಿಗಾದರೆ ಊರೂ ಇತ್ತು, ಹಿತ್ತಲೂ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಮ್ಮ ಇಲಾಖೆಯದೆಂದು ತಿಳಿದಿದ್ದೆ. ಪೊಲೀಸರಿಗೂ ಅದೇ ಗಾದೆ ಎಂದು ಆಗ ಗೊತ್ತಾಯಿತು.

ಒಂದು ಮಧ್ಯಾಹ್ನ ಜೀಪು ಬಂದು ಹೊಂಗೆ ಮರದ ಕೆಳಗೆ ನಿಂತಿತು. ಸಬ್‌ಇನ್‌ಸ್ಪೆಕ್ಟರು ಚಿಕ್ಕ ವಯಸ್ಸಿನವರು, ಕಣ್ಣಲ್ಲಿ ನಿದ್ದೆ ಇರಲಿಲ್ಲ. "ಮೇಡಂ, ಒಂದು ದಾಳಿಗೆ ಗೆಜೆಟೆಡ್ ಅಧಿಕಾರಿ ಜೊತೆಗಿರಬೇಕು. ತಹಶೀಲ್ದಾರ್ರು ಮೀಟಿಂಗ್‌ನಲ್ಲಿದ್ದಾರೆ. ದಯವಿಟ್ಟು ಬನ್ನಿ." ಹೋಗುವಾಗ ಎಲ್ಲಿಗೆ ಎಂದು ಹೇಳಲಿಲ್ಲ. ಜೀಪು ಬಲಕ್ಕೆ ಹೊರಳಿ ಕಬ್ಬಿನ ಗದ್ದೆಗಳ ನಡುವಿನ ಕೆಸರು ದಾರಿ ಹಿಡಿದಾಗ ಅದು ಸಿದ್ದಯ್ಯನ ಮನೆಯ ದಾರಿ ಎಂದು ಗೊತ್ತಾಯಿತು. ಅವರಿಗೆ ಯಾರೋ ಫೋನು ಮಾಡಿ ತಿಳಿಸಿದ್ದರಂತೆ. ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಸಿದ್ದಯ್ಯ ಜಗುಲಿಯ ಮೇಲೆ ಕೂತು ತಂಬೂರಿಯ ತಂತಿ ಬಿಗಿಯುತ್ತಿದ್ದ. ಪೊಲೀಸರನ್ನು ಕಂಡು ಹೆದರಲಿಲ್ಲ. ಅವರ ಹಿಂದೆ ನಾನಿದ್ದದ್ದು ಕಂಡು ಇನ್ನೂ ಧೈರ್ಯವಾಯಿತೆಂದು ಕಾಣುತ್ತದೆ. ಅದು ನೆನಪಾದರೆ ಈಗಲೂ ಸಂಕಟವಾಗುತ್ತದೆ. ಕರು ಚೆನ್ನಾಗಿದೆ ಎಂದು ನನಗೆ ಹೇಳಿದ, ಎಲ್ಲರಿಗೂ ಚಾಪೆ ಹಾಕಿಸಿದ. ಗಿಡ ಎಲ್ಲಿದೆ ಎಂದು ಕೇಳಿದರೆ ತಾನೇ ಮುಂದೆ ನಡೆದು ತೋರಿಸಿದ.

ಪೇದೆಯೊಬ್ಬ ಗಿಡದ ಕತ್ತು ಹಿಡಿದು ಎಳೆಯಲು ಹೋದಾಗ ಮಾತ್ರ ಮುದುಕ ಅಡ್ಡ ಬಂದ. "ತಡೀರಪ್ಪ, ತಡೀರಿ. ಹಂಗ್ ಕೀಳಂಗಿಲ್ಲ. ಬೇರು ಅರುದ್ರೆ ನಮ್ ವಂಸಕ್ಕೆ ಆಗಾಕಿಲ್ಲ. ನಾನೇ ತಗ್ದು ಕೊಡ್ತೀನಿ. ತಕ್ಕೊಂಡೋಗಿ ಎಲ್ಲಾರ ನೆಟ್ಕಳ್ರಿ."

ಅವರಲ್ಲಿ ಅದಕ್ಕೊಂದು ಕ್ರಮವಿತ್ತು. ಗದ್ದುಗೆಗೆ ಹೋಗುವ ಗಿಡ ಜೀವ ಇರುವಂತೆಯೇ ಹೋಗಬೇಕು. ಮೊದಲು ಬುಡಕ್ಕೆ ನೀರು ಕೊಡಬೇಕು, ಮಣ್ಣು ಮುಟ್ಟಿ ನಮಸ್ಕಾರ ಮಾಡಬೇಕು, ಆಮೇಲೆ ಸುತ್ತ ಅಗೆದು ಮಣ್ಣಿನ ಹೆಂಟೆ ಸಮೇತ ಎತ್ತಬೇಕು. ಮಾದಮ್ಮ ಕೊಡದಲ್ಲಿ ನೀರು ತಂದು ತಂದು ಸುರಿದಳು. ಸಿದ್ದಯ್ಯ ಮೊಣಕಾಲೂರಿ ಗುದ್ದಲಿಯಿಂದ ಅಗೆದ. ಗಿಡಗಳು ಒಂದೊಂದೂ ಬುಡದಲ್ಲಿ ಮಡಕೆಯಷ್ಟು ಕೆಸರು ಕಟ್ಟಿಕೊಂಡು ಮೇಲೆ ಬಂದವು. ತಮ್ಮ ಕೆಲಸ ಮುದುಕನೇ ಮಾಡಿಕೊಟ್ಟನಲ್ಲ ಎಂದು ಪೇದೆಗಳಿಗೆ ಖುಷಿ. ಅವನಾದರೋ ಅದನ್ನೆಲ್ಲ ಹಸುಗೂಸಿನ ಹಾಗೆ ಎತ್ತಿ ಎತ್ತಿ ಗೋಣಿಚೀಲದೊಳಗೆ ಇಟ್ಟ.

ಹಾಲಿನ ಡೈರಿಯಿಂದ ತೂಗುತಕ್ಕಡಿ ತರಿಸಿದರು. ಚೀಲ ನೇತುಹಾಕಿದರೆ ಮುಳ್ಳು ಇಪ್ಪತ್ತು ಕಿಲೋ ದಾಟಿ ಮುಂದೆ ಹೋಗಿ ನಿಂತಿತು. ಚೀಲದ ತಳದಿಂದ ಕೆಸರುನೀರು ತೊಟ್ಟಿಕ್ಕುತ್ತಿತ್ತು. ಸಬ್‌ಇನ್‌ಸ್ಪೆಕ್ಟರು ತಕ್ಕಡಿಯ ಮುಳ್ಳನ್ನು ಬಗ್ಗಿ ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. "ಇಪ್ಪತ್ತು ದಾಟಿದ್ರೆ ವ್ಯಾಪಾರದ ಪ್ರಮಾಣ ಅಂತ ಲೆಕ್ಕ ಮೇಡಂ. ಜಾಮೀನು ಸಿಗೋದೇ ಕಷ್ಟ. ಸಾಬೀತಾದ್ರೆ ಹತ್ತು ವರ್ಷಕ್ಕೆ ಕಮ್ಮಿ ಇಲ್ಲ."

"ಅದರಲ್ಲಿ ಮುಕ್ಕಾಲು ಪಾಲು ಮಣ್ಣು ಕಣ್ರೀ!"

"ಗೊತ್ತು. ಗಿಡ ಸಿಕ್ಕ ಹಾಗೇ ತೂಕ ಹಾಕೋದು ನಮ್ಮ ರೂಢಿ. ನಾನಿಲ್ಲಿ ಮಣ್ಣು ಕೊಡವ್ತಾ, ಎಲೆ ಬಿಡಿಸ್ತಾ ಕೂತ್ರೆ ನಾಳೆ ಮಾಲು ಕಮ್ಮಿ ಮಾಡಿದ ಅಂತ ನನ್ನ ಮೇಲೇ ವಿಚಾರಣೆ. ನನಗೂ ಮನೇಲಿ ಇಂಥ ಒಬ್ಬ ತಾತ ಇದ್ದಾನೆ ಮೇಡಂ."

ನನಗೆ ರೇಗಿತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಕೆಸರು ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದ ಮುದುಕನ ಮೇಲೂ ರೇಗಿತು. "ಹಾಗಿದ್ರೆ ಮಹಜರಿನಲ್ಲಿ ಕಂಡದ್ದನ್ನ ಕಂಡ ಹಾಗೆ ಬರೆಸಿ. ನೀರು ಹಾಕಿ, ಒದ್ದೆ ಮಣ್ಣಿನ ಹೆಂಟೆ, ಬೇರು, ಕಾಂಡ ಎಲ್ಲ ಸೇರಿಸಿ ತೂಗಿದ್ದು ಅಂತ. ಗಿಡದಲ್ಲಿ ಹೂ ಈಗಷ್ಟೇ ಮೂಡ್ತಾ ಇದೆ ಅಂತಾನೂ. ಇಲ್ಲದಿದ್ರೆ ನಾನು ಸಹಿ ಹಾಕಲ್ಲ" ಎಂದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ಪೇದೆಗೆ, "ಮೇಡಂ ಹೇಳಿದ ಹಾಗೇ ಹಾಕ್ರಿ" ಎಂದರು. ಆ ಅಧಿಕಾರಿಯನ್ನು ಬೈಯುವವರನ್ನು ಕಂಡಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಬೇಡ ಎಂದು ಅವರು ಹೇಳಬಹುದಿತ್ತು.

ಜೀಪು ಹತ್ತಿಸುವಾಗಲೇ ಸಿದ್ದಯ್ಯನಿಗೆ ವಿಷಯ ತಿಳಿದದ್ದು. ಗಿಡವನ್ನಷ್ಟೇ ಕೊಂಡುಹೋಗುತ್ತಾರೆ ಎಂದುಕೊಂಡಿದ್ದ. "ನಾನೂ ಬರ್ಬೇಕಾ?" ಎಂದು ಕೇಳಿದ. ಪೇದೆ ಜೀಪಿನ ಹಿಂಬಾಗಿಲು ತೆಗೆದ. ಮಾದಮ್ಮ ಒಳಗೆ ಓಡಿ ಒಂದು ಟವೆಲ್ಲು ತಂದು ಅವನ ಹೆಗಲಿಗೆ ಹಾಕಿದಳು.

ಅವನನ್ನು ಮಂಡ್ಯದ ಜೈಲಿಗೆ ಕಳಿಸಿದರು. ನಾನು ಈಗ ಸರ್ಕಾರದ ಕಡೆಯ ಸಾಕ್ಷಿ, ಅವರ ಮನೆಯ ಹೊಸ್ತಿಲು ತುಳಿಯುವುದು ಸರಿಯಲ್ಲ. ಆದರೆ ಅವರ ಹಸು ಯಾರ ಕಡೆಯ ಸಾಕ್ಷಿಯೂ ಅಲ್ಲವಲ್ಲ. ಅದಕ್ಕೆ ಕೆಚ್ಚಲು ಬಾವು ಬಂತು. ದಿನವೂ ಹೋಗಿ ಸೂಜಿ ಹಾಕಿದೆ. ಮಾದಮ್ಮ ಕೇಸಿನ ವಿಷಯ ಕೇಳುತ್ತಿರಲಿಲ್ಲ, ನಾನು ಹೇಳುತ್ತಿರಲಿಲ್ಲ. "ಅಲ್ಲಿ ರಾಗಿಮುದ್ದೆ ಇಕ್ತಾರಾ ಡಾಕ್ಟ್ರವ್ವ?" ಎಂದು ಒಂದು ದಿನ ಕೇಳಿದಳು. ಇಕ್ಕುತ್ತಾರೆ ಎಂದೆ. ನನಗೇನು ಗೊತ್ತಿತ್ತು?

ಜಯಮ್ಮ ಮಾತ್ರ ಆ ಹಿತ್ತಲಿಗೆ ನನ್ನ ಜೊತೆ ಬರಲಿಲ್ಲ. ಆಸ್ಪತ್ರೆಯಲ್ಲಿ ಸಿರಿಂಜು ಕುದಿಸುತ್ತ ಜಗಳಕ್ಕೆ ನಿಂತಳು. "ಅಯ್ಯೋ ಪಾಪ ಅನ್ಬ್ಯಾಡಿ ಮೇಡಂ. ಒಬ್ಬಂಗೆ ದೇವ್ರು, ಒಬ್ಬಂಗೆ ಔಸ್ತಿ, ಒಬ್ಬಂಗೆ ವ್ಯಾಪಾರ. ಎಲ್ಲಾರೂ ಒಂದೊಂದ್ ಕತೆ ಕಟ್ಟುದ್ರೆ ನನ್ನಂತೋಳು ಎಲ್ಲೋಗಿ ಸಾಯ್ಲಿ? ಕಾನೂನು ಅಂದ್ಮೇಲೆ ಎಲ್ಲಾರ್ಗೂ ಒಂದೇ."

"ಹಾಗಿದ್ರೆ ಮಂಜನ್ನೂ ಹಿಡಿದು ಜೈಲಿಗೆ ಹಾಕ್ಲಾ?" ಎಂದುಬಿಟ್ಟೆ.

ಅವಳು ಸ್ಟೌ ಆರಿಸಿದಳು. "ಓಗಿದ್ದೆ ಮೇಡಂ" ಎಂದಳು. "ನಾನೇ ಟೇಸನ್ನಿಗೆ ಓಗಿದ್ದೆ. ನನ್ ಮಗನ್ನ ಇಡ್ಕೊಂಡೋಗಿ, ಸರಿ ಮಾಡ್ಕೊಡಿ ಅಂತ ಕೈ ಮುಗ್ದೆ. ಕೇಸ್ ಆಕಿದ್ರೆ ಕೆಲ್ಸ ಸಿಗಾಕಿಲ್ಲ ಕಣಮ್ಮ, ಆಸ್ಪತ್ರೆಗೆ ಸೇರ್ಸು ಅಂತ ಅಂದ್ರು. ಒಳ್ಳೇ ಮಾತೇ ಅಂದ್ರು. ಆಸ್ಪತ್ರೆಗೆ ಕರ್ಕೊಂಡೋದ್ರೆ ಇವ್ನು ಗೇಟ್‌ನಲ್ಲೇ ಕೈ ಕೊಸ್ರಾಕಂಡು ಓಡೋದ."  ಆಮೇಲೆ ಇಬ್ಬರೂ ಸೇರಿ ಲಸಿಕೆಯ ಡಬ್ಬಗಳನ್ನು ಜೋಡಿಸಿದೆವು.

ಮಳೆ ಹಿಡಿದುಕೊಂಡಿತ್ತು. ಭತ್ತದ ನಾಟಿ ಮುಗಿದು ಗದ್ದೆಗಳು ಹಸಿರಾದವು. ಕಾಲುಬಾಯಿ ಜ್ವರದ ಲಸಿಕೆ ಹಾಕುತ್ತ ಹಳ್ಳಿಹಳ್ಳಿ ಅಲೆದೆವು. ಗದ್ದುಗೆ ಪೂಜೆಯೂ ಆ ಗದ್ದಲದಲ್ಲೇ ಬಂದು ಹೋಯಿತು. ಒಕ್ಕಲಿನವರು ತುಳಸಿ ಇಟ್ಟು ಪೂಜೆ ಮುಗಿಸಿದರಂತೆ. ಸಿದ್ದಯ್ಯನ ಪರವಾಗಿ ಉಚಿತ ಕಾನೂನು ನೆರವಿನಿಂದ ಬಂದ ವಕೀಲ ಒಬ್ಬ ಹುಡುಗ. ಆದರೂ ಚುರುಕಾಗಿದ್ದ. ಕಾನೂನಿನಲ್ಲಿ ಗಾಂಜಾ ಅಂದರೆ ಹೂವು, ಕಾಯಿ ಬಿಟ್ಟ ತುದಿ ಮಾತ್ರ, ಬೇರೂ ಅಲ್ಲ, ಮಣ್ಣಂತೂ ಅಲ್ಲವೇ ಅಲ್ಲ ಎಂದು ವಾದಿಸಿ ಮಹಜರಿನ ಆ ಸಾಲನ್ನೇ ಓದಿ ಹೇಳಿದನಂತೆ. ನ್ಯಾಯಾಧೀಶರು ಅದನ್ನು ಎರಡನೇ ಸಲ ಓದಿಸಿ ಜಾಮೀನು ಮಂಜೂರು ಮಾಡಿದರು. ಕೇಸು ನಡೆಯುವುದು ನಡೆಯುತ್ತದೆ, ಮುದುಕ ಮನೆಗೆ ಹೋಗಬಹುದು. ಷರತ್ತು ಒಂದೇ, ಜಮೀನಿನ ಪಹಣಿ ಇರುವ ಒಬ್ಬರು ಜಾಮೀನು ನಿಲ್ಲಬೇಕು.

ಅಲ್ಲಿಗೆ ಬಂದು ಎಲ್ಲ ನಿಂತುಹೋಯಿತು. ಅವನ ಹಾಡು ಕೇಳಿ ಬೆಳೆದ ಊರು, ಮದುವೆ ಮುಂಜಿಗೆ ಅವನನ್ನೇ ಕರೆಯುವ ಒಕ್ಕಲು. ಬೇರೆ ಯಾವ ಕೇಸಾದರೂ ನಿಲ್ಲುತ್ತಿದ್ದರು. ಗಾಂಜಾ ಎಂದರೆ ಎಲ್ಲರಿಗೂ ದಿಗಿಲು. ನಾಳೆ ನಮ್ಮ ಹಿತ್ತಲಿಗೂ ಬಂದರೆ? ನಮ್ಮ ಹುಡುಗನ ಕೆಲಸದ ಪೊಲೀಸ್ ವೆರಿಫಿಕೇಶನ್ನಿಗೆ ತೊಂದರೆಯಾದರೆ? ಅವರನ್ನು ದೂರಲಾರೆ. ನಾನೂ ನಿಲ್ಲುವಂತಿರಲಿಲ್ಲ, ಸಾಕ್ಷಿಯೇ ಆರೋಪಿಗೆ ಜಾಮೀನಾದರೆ ನಗೆಪಾಟಲು. ಆರ್ಡರು ಆಗಿಯೂ ಸಿದ್ದಯ್ಯ ಒಳಗೇ ಉಳಿದ. ಮಾದಮ್ಮ ಮನೆಮನೆ ಬಾಗಿಲು ತಟ್ಟಿ ಬಂದು, ನಾನು ಹಸುವಿಗೆ ಸೂಜಿ ಹಾಕುವಾಗ ಕೊಟ್ಟಿಗೆಯ ಕಂಬಕ್ಕೆ ಒರಗಿ ಮೊದಲ ಸಲ ಅತ್ತಳು. "ಒಳ್ಗೇ ಸತ್ತೋಯ್ತಾರೆ ಕನವ್ವ, ನೋಡ್ತಿರಿ. ಕೆಮ್ಮು ಐತೆ ಅವ್ರಿಗೆ." ಇದನ್ನೆಲ್ಲ ನಾನು ಆಸ್ಪತ್ರೆಯಲ್ಲಿ ಹೇಳಿಕೊಂಡೆ. ಜಯಮ್ಮ ಕಸ ಗುಡಿಸುತ್ತ ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ಮರುದಿನ ರಜೆ ಚೀಟಿ ಕೊಟ್ಟಳು. ಯಾತಕ್ಕೆ ಎಂದರೆ "ಸ್ವಂತ ಕೆಲ್ಸ" ಎಂದಳು.

ಆ ದಿನ ಮಂಡ್ಯದಲ್ಲಿ ನಮ್ಮ ಇಲಾಖೆಯ ಮೀಟಿಂಗಿತ್ತು. ಮುಗಿಸಿಕೊಂಡು ಮಳವಳ್ಳಿ ಬಸ್ಸು ಹಿಡಿಯಲು ನಿಲ್ದಾಣಕ್ಕೆ ಬಂದರೆ ಕಲ್ಲುಬೆಂಚಿನ ಮೇಲೆ ಮೂವರು ಕೂತಿದ್ದಾರೆ. ಮಾದಮ್ಮ, ಅವಳ ಪಕ್ಕ ಗಡ್ಡ ಬಿಟ್ಟು ಅರ್ಧಕ್ಕರ್ಧ ಇಳಿದುಹೋದ ಸಿದ್ದಯ್ಯ, ತುದಿಯಲ್ಲಿ ಸೆರಗಿನೊಳಗೆ ಪ್ಲಾಸ್ಟಿಕ್ ಕವರು ಅವುಚಿಕೊಂಡ ಜಯಮ್ಮ. ಸೋಮನಹಳ್ಳಿಯಲ್ಲಿ ತವರಿನಿಂದ ಅವಳ ಪಾಲಿಗೆ ಬಂದ ಜಮೀನಿತ್ತು. ಅದರ ಪಹಣಿ ಕೊಟ್ಟು, ಕಟಕಟೆಯ ಮುಂದೆ ನಿಂತು, ಈ ಮನುಷ್ಯ ಓಡಿಹೋದರೆ ನಾನು ಜವಾಬ್ದಾರಿ ಎಂದು ಹೆಬ್ಬೆಟ್ಟಲ್ಲ, ಸಹಿಯನ್ನೇ ಹಾಕಿ ಬಂದಿದ್ದಳು.

ನಾನು ಅವಳನ್ನೇ ನೋಡಿದೆ. ಜಯಮ್ಮ ರೇಗಿದಳು. "ಯಾಕಂಗ್ ನೋಡ್ತೀರಿ ಮೇಡಂ? ನನ್ ಮಗ ಕೆಟ್ಟಿರ್ಲಿ, ಕಣ್ಮುಂದೆ ಅವ್ನೆ. ಈವಮ್ಮನ್ ಗಂಡ ಕಣ್ಮುಂದೆ ಇಲ್ವಲ್ಲ, ಅದ್ಕೆ." ಆಮೇಲೆ ಸಿದ್ದಯ್ಯನ ಕಡೆ ತಿರುಗಿ ಬೆರಳು ತೋರಿಸಿದಳು. "ಇನ್ನೊಂದ್ ಗಿಡ ನೆಟ್ರೆ ಮಾತ್ರ ಪೊಲೀಸ್ರು ಬರಾಗಂಟ ಕಾಯಾಕಿಲ್ಲ. ನಾನೇ ಬಂದು ಬೆಂಕಿ ಇಕ್ತೀನಿ. ಅಯ್ಯನೂ ಇಲ್ಲ, ಗುರುವೂ ಇಲ್ಲ." ಸಿದ್ದಯ್ಯ ತಲೆಯಾಡಿಸಿದ. ಅವನು ಎದ್ದು ಅವಳ ಕಾಲಿಗೆ ಬೀಳಹೋದಾಗ, "ಥೂ, ಕೂತ್ಕಳಿ ಯಜಮಾನ್ರೇ, ಬಸ್ ಬತ್ತದೆ" ಎಂದು ಗದರಿದಳು.

ಬಸ್ಸಿನಲ್ಲಿ ಹಿಂದಿನ ಉದ್ದ ಸೀಟು ಸಿಕ್ಕಿತು. ಕಿಟಕಿಗೆ ಮುದುಕ, ಆಮೇಲೆ ಮಾದಮ್ಮ, ಜಯಮ್ಮ, ನಾನು. ಹೊರಗೆ ಮಳೆ ಬಿಟ್ಟು ತೆಳು ಬಿಸಿಲು ಬಂದಿತ್ತು. ಕಂಡಕ್ಟರು ಬಂದು ಟಿಕೆಟ್ ಕೊಟ್ಟು ಹೋದ. ಆಮೇಲೆ ಜಯಮ್ಮ ಮಾದಮ್ಮನನ್ನು ದಾಟಿ ಮುಂದಕ್ಕೆ ಬಗ್ಗಿದಳು. ಅಂಥ ಮೆತ್ತಗಿನ ದನಿ ಅವಳ ಬಾಯಿಂದ ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

"ಯಜಮಾನ್ರೇ. ನಿಮ್ ಅಟ್ಟೀಲಿ ಅಪ್ಪನ್ ಕಾಲ್ದಿಂದ್ಲೂ ಅದು ಇತ್ತು ಅಂತೀರಲ್ಲ. ಅದ್ನ ಸೇದೋರ್‌ನ ಬುಡ್ಸಕ್ಕೆ ಏನಾದ್ರೂ ದಾರಿ ಗೊತ್ತಾ? ಔಸ್ತಿಯೋ, ಮಂತ್ರವೋ, ಅರಕೆಯೋ, ಏನಾರ. ನಿಮ್ಗೆ ಗೊತ್ತಿರ್ಬೇಕಲ್ವಾ?"

ಇದನ್ನು ಕೇಳಬೇಕೆಂದೇ ಇವಳು ಬಂದಳೇನೋ ಎಂದು ನನಗೆ ಆಗ ಅನ್ನಿಸಿತು. ಸಿದ್ದಯ್ಯ ಕಿಟಕಿಯ ಕಂಬಿ ಹಿಡಿದುಕೊಂಡು ಬಹಳ ಹೊತ್ತು ಹೊರಗೆ ನೋಡಿದ. ದೇವರ ವಿಷಯ ಎತ್ತಿದರೆ ಗಂಟೆಗಟ್ಟಲೆ ಹಾಡುವ ಮನುಷ್ಯ.

"ಇಲ್ಲ ಕಣವ್ವ" ಎಂದ. "ಗೊತ್ತಿದ್ದಿದ್ರೆ ನನ್ ತಮ್ಮನ್ನ ಉಳುಸ್ಕತಿದ್ದೆ."

ಮಾದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.  ಜಯಮ್ಮ ಕೈ ಚಾಚಿ, ಮಾದಮ್ಮನ ಮಡಿಲ ಮೇಲಿಂದ, ಮುದುಕನ ಕೈಯನ್ನು ಹಿಡಿದುಕೊಂಡಳು. ಮಳವಳ್ಳಿ ಬರುವವರೆಗೂ ಬಿಡಲಿಲ್ಲ.